ತೂಗುಕುಂಡದ ರಿಪ್ಸಾಲಿಸ್ ಸೊರಗಿದಾಗ: ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ಒತ್ತುಶ್ಯಾವಿಗೆಯನ್ನು ಹಸಿರು ಬಣ್ಣದಲ್ಲಿ ಅದ್ದಿ ಇಳಿಬಿಟ್ಟಂತೆ ಕಾಣುವ ರಿಪ್ಸಾಲಿಸ್ ಗಿಡವನ್ನು ತುಮಕೂರಿನ ನರ್ಸರಿಗಳಲ್ಲಿ ‘ನೇತಾಡುವ ಕಳ್ಳಿ’ ಎಂದು ಹೇಳಿ ಕೊಡುತ್ತಾರೆ. ಹೆಸರು ತಪ್ಪಲ್ಲ, ಅದು ಕಳ್ಳಿಯ ಕುಟುಂಬಕ್ಕೆ ಸೇರಿದ್ದೇ. ಆದರೆ ಆ ಒಂದು ಮಾತಿನಿಂದಲೇ ಅರ್ಧ ಗಿಡಗಳು ಹಾಳಾಗುತ್ತವೆ ಎಂಬುದು ನನ್ನ ಅನುಭವ. ಪಾವಗಡ, ಬಾಗೇಪಲ್ಲಿ ಕಡೆಯ ಹೊಲದ ಬದುಗಳಲ್ಲಿ ಪಾಪಾಸುಕಳ್ಳಿ ನೋಡಿ ಬೆಳೆದ ನಮಗೆ ಕಳ್ಳಿ ಎಂದರೆ ಬಿಸಿಲು ಬೇಕು, ನೀರು ಬೇಡ, ಮಣ್ಣು ಯಾವುದಾದರೂ ಆದೀತು ಎಂಬ ಎಣಿಕೆ ಮನಸ್ಸಿನಲ್ಲಿ ಮೊದಲೇ ಕೂತಿರುತ್ತದೆ.

ರಿಪ್ಸಾಲಿಸ್ ಮರುಭೂಮಿಯ ಗಿಡವಲ್ಲ. ಅದರ ಹೆಚ್ಚಿನ ಪ್ರಭೇದಗಳು ಬ್ರೆಜಿಲ್‌ನ ಅಟ್ಲಾಂಟಿಕ್ ಕರಾವಳಿಯ ಮಳೆಕಾಡುಗಳಲ್ಲಿ, ಮರದ ಕೊಂಬೆಗಳ ಮೇಲೆ ಬೆಳೆಯುತ್ತವೆ. ಮರದಿಂದ ಅವು ಆಹಾರ ಹೀರುವುದಿಲ್ಲ, ಕೂರಲು ಜಾಗವನ್ನಷ್ಟೇ ಪಡೆಯುತ್ತವೆ. ತೊಗಟೆಯ ಸಂದಿನಲ್ಲಿ ಕೊಳೆತ ಎಲೆಗಳ ನಡುವೆ ಬೇರಿಳಿಸಿ, ಎಲೆಗಳ ಮರೆಯಿಂದ ಸೋಸಿ ಬಂದ ಬೆಳಕಿನಲ್ಲಿ, ಬಂದು ಬೇಗ ಹರಿದುಹೋಗುವ ಮಳೆನೀರಿನಲ್ಲಿ ಬದುಕುತ್ತವೆ. ಬೆಳಕು ಚೆನ್ನಾಗಿರಬೇಕು, ಸುಡುವ ಬಿಸಿಲಿರಬಾರದು. ನೀರು ಆಗಾಗ ಬರಬೇಕು, ಬಂದದ್ದು ನಿಲ್ಲಬಾರದು. ಬೇರಿಗೆ ಗಾಳಿ ಸಿಗಬೇಕು. ಮುಂದೆ ಹೇಳುವ ದೋಷಗಳಲ್ಲಿ ಮುಕ್ಕಾಲು ಪಾಲು ಈ ಮೂರರಲ್ಲಿ ಒಂದು ತಪ್ಪಿದ್ದರಿಂದ ಬಂದವು. ಮನೆಯಂಗಳದ ಬ್ರಹ್ಮಕಮಲ, ಈಗ ನಮ್ಮ ಜಿಲ್ಲೆಗಳ ತೋಟಗಳಲ್ಲಿ ಕಂಬಕ್ಕೆ ಹಬ್ಬಿಸುತ್ತಿರುವ ಡ್ರ್ಯಾಗನ್ ಹಣ್ಣಿನ ಬಳ್ಳಿ, ಮೀನಿನ ಮುಳ್ಳಿನಂತೆ ಕಚ್ಚುಗಳಿರುವ ಕಳ್ಳಿ, ಇವೂ ಇದೇ ಬಗೆಯ ಕಾಡುಕಳ್ಳಿಗಳು. ಆದ್ದರಿಂದ ಇಲ್ಲಿನ ಬಹುಪಾಲು ಮಾತು ಅವಕ್ಕೂ ಸಲ್ಲುತ್ತದೆ, ಡ್ರ್ಯಾಗನ್ ಬಳ್ಳಿ ಮಾತ್ರ ಇವೆಲ್ಲಕ್ಕಿಂತ ಹೆಚ್ಚು ಬಿಸಿಲು ತಡೆಯುತ್ತದೆ.

ಮೊದಲ ಪರೀಕ್ಷೆ: ಇದು ಆ ಗಿಡವೇ ಹೌದೇ?

ಖರ್ಚಿಲ್ಲದ ಪರೀಕ್ಷೆ ಇದು. ಇದನ್ನೇ ಮೊದಲು ಮಾಡಬೇಕು, ಏಕೆಂದರೆ ಇದರಲ್ಲಿ ಕಣ್ಣಿನ ಸುರಕ್ಷತೆಯ ಪ್ರಶ್ನೆಯೂ ಇದೆ. ನಮ್ಮ ಕಡೆ ಹೊಲದ ಬೇಲಿಗೆ ನೆಡುವ, ಪೆನ್ಸಿಲ್ಲಿನಂಥ ಹಸಿರು ಕಡ್ಡಿಗಳ ಬೊಂತೆಗಳ್ಳಿಯ ಎಳೆಯ ಸಸಿಯನ್ನು ಕುಂಡದಲ್ಲಿ ನೋಡಿದರೆ ದಪ್ಪ ಎಳೆಗಳ (ಎಳೆ ಎಂದರೆ ಇಲ್ಲಿ ಶ್ಯಾವಿಗೆಯಂಥ ಕಾಂಡ) ರಿಪ್ಸಾಲಿಸ್ ಎಂದು ಭ್ರಮೆಯಾಗುವುದು ಸಹಜ. ಆದರೆ ಬೊಂತೆಗಳ್ಳಿ ನಿಜವಾಗಿ ಕಳ್ಳಿಯ ಕುಟುಂಬದ್ದಲ್ಲ. ಅದರ ಬಿಳಿ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ತೀವ್ರ ಉರಿಯೂತವಾಗಿ ಕೆಲಕಾಲ ದೃಷ್ಟಿಯೇ ಮಂಕಾಗಬಹುದು. ಕೈಗವಸು ಹಾಕಿಕೊಂಡು, ಮುಖವನ್ನು ದೂರ ಇಟ್ಟು, ಎಳೆಯ ತುದಿಯನ್ನು ಉಗುರಿನಷ್ಟು ಕತ್ತರಿಸಿ ನೋಡಿ. ಹಾಲು ಜಿನುಗಿದರೆ ಅದು ರಿಪ್ಸಾಲಿಸ್ ಅಲ್ಲ. ಈ ಬರಹವನ್ನು ಅಲ್ಲಿಗೇ ಬಿಟ್ಟು, ಕೈಯನ್ನು ಸೋಪಿನಿಂದ ತೊಳೆದು, ಆ ಕುಂಡವನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಹಾಲು ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ತಡಮಾಡದೆ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ರಿಪ್ಸಾಲಿಸ್ ಕತ್ತರಿಸಿದರೆ ನೀರಿನಂಥ, ಸ್ವಲ್ಪ ಲೋಳೆಯಾದ ರಸ ಮಾತ್ರ ಬರುತ್ತದೆ.

ಈ ಗಿಡದ ವಿಷಯದಲ್ಲಿ ಸಸ್ಯಶಾಸ್ತ್ರಜ್ಞರೂ ಮೊದಲು ಎಡವಿದ್ದರು. 1771ರಲ್ಲಿ ಇದಕ್ಕೆ ಹೆಸರಿಟ್ಟಾಗ ಇದನ್ನು ಸೇರಿಸಿದ್ದು ಕ್ಯಾಸಿಥಾ ಎಂಬ ಕುಲಕ್ಕೆ, ಅಂದರೆ ನಮ್ಮ ಬೇಲಿಗಳ ಮೇಲೆ ಹಬ್ಬುವ ಎಲೆಯಿಲ್ಲದ ಆಕಾಶಬಳ್ಳಿಯ ಕುಲಕ್ಕೆ. ರಿಪ್ಸಾಲಿಸ್ ಎಂಬ ಪ್ರತ್ಯೇಕ ಕುಲವನ್ನು ಜರ್ಮನ್ ಸಸ್ಯಶಾಸ್ತ್ರಜ್ಞ ಜೋಸೆಫ್ ಗೇರ್ಟ್ನರ್ ಗುರುತಿಸಿದ್ದು 1788ರಲ್ಲಿ. ಅಮೆರಿಕ ಖಂಡಗಳ ಆಚೆಗೂ ಅಲ್ಲಿನದೇ ಕಾಡುಗಿಡವಾಗಿ ಬೆಳೆಯುವ ಒಂದೇ ಕಳ್ಳಿ ಇದರ ಬ್ಯಾಕ್ಸಿಫೆರಾ ಪ್ರಭೇದ. ಆಫ್ರಿಕಾ, ಮಡಗಾಸ್ಕರ್‌ಗಳಲ್ಲಿಯೂ ನಮ್ಮ ನೆರೆಯ ಶ್ರೀಲಂಕಾದಲ್ಲಿಯೂ ಅದಿದೆ.

ಎಳೆಗಳು ಸುಕ್ಕುಗಟ್ಟಿ ತೆಳ್ಳಗಾಗಿವೆ

ಅತಿ ಹೆಚ್ಚು ಜನ ಮೊದಲು ಗಮನಿಸುವ ಲಕ್ಷಣ ಇದು, ಅತಿ ಹೆಚ್ಚು ತಪ್ಪು ಚಿಕಿತ್ಸೆ ನಡೆಯುವುದೂ ಇದಕ್ಕೇ. ದುಂಡಗೆ ತುಂಬಿಕೊಂಡಿದ್ದ ಎಳೆಗಳ ಮೇಲೆ ಉದ್ದುದ್ದಕ್ಕೆ ಗೆರೆಗಳು ಮೂಡಿ, ಮುಟ್ಟಿದರೆ ಹಳೆಯ ಹುರುಳಿಕಾಯಿಯಂತೆ ಬಾಗುತ್ತವೆ. ಕಂಡವರು ಕೂಡಲೇ ನೀರು ಹಾಕುತ್ತಾರೆ. ನಿಲ್ಲಿ. ಸುಕ್ಕು ಎಂದರೆ ಎಳೆಗೆ ನೀರು ತಲುಪುತ್ತಿಲ್ಲ ಎಂದಷ್ಟೇ ಅರ್ಥ. ಕುಂಡದಲ್ಲಿ ನೀರಿಲ್ಲದೆ ತಲುಪದಿರಬಹುದು, ನೀರಿದ್ದೂ ಅದನ್ನು ಎತ್ತುವ ಬೇರು ಇಲ್ಲದೆ ತಲುಪದಿರಬಹುದು. ಮೊದಲನೆಯದಕ್ಕೆ ನೀರು ಮದ್ದು, ಎರಡನೆಯದಕ್ಕೆ ಅದೇ ನೀರು ಕೊನೆಯ ಪೆಟ್ಟು.

ಇವೆರಡನ್ನು ಬೇರ್ಪಡಿಸುವ ಅಗ್ಗದ ಉಪಾಯ ಕುಂಡವನ್ನು ಕೈಯಲ್ಲಿ ಎತ್ತಿ ನೋಡುವುದು. ಆರು ಅಂಗುಲದ ಪ್ಲಾಸ್ಟಿಕ್ ಕುಂಡ ಒಣಗಿದಾಗ ಖಾಲಿ ಡಬ್ಬಿಯಷ್ಟು ಹಗುರವಾಗಿರುತ್ತದೆ, ನೆನೆದಾಗ ಕೈಯಲ್ಲಿ ಸ್ಪಷ್ಟವಾಗಿ ಭಾರವೆನಿಸುತ್ತದೆ. ಕೈಯ ಅಂದಾಜು ಸಾಲದಿದ್ದರೆ ಅಡುಗೆಮನೆಯ ತಕ್ಕಡಿಯಲ್ಲಿ, ನೀರು ಹಾಕಿ ಬಸಿದ ಮೇಲೆ ಒಮ್ಮೆ, ಚೆನ್ನಾಗಿ ಒಣಗಿದಾಗ ಒಮ್ಮೆ ತೂಗಿ, ಎರಡು ಸಂಖ್ಯೆಗಳನ್ನೂ ಕುಂಡದ ಹೊರಮೈಗೆ ಬರೆದಿಡಿ. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ, ಒಳಗೆ ಎಷ್ಟು ನೀರು ಉಳಿದಿದೆ ಎಂಬುದು ಲೆಕ್ಕದಲ್ಲೇ ಸಿಗುತ್ತದೆ. ಅದಾದ ಮೇಲೆ ಬೆರಳನ್ನು ಎರಡು ಗೆಣ್ಣಿನಷ್ಟು ಒಳಗಿಳಿಸಿ ನೋಡಿ. ಮೇಲ್ಪದರ ನಮ್ಮ ಒಣಗಾಳಿಗೆ ಅರ್ಧ ದಿನದಲ್ಲಿ ಒಣಗುತ್ತದೆ, ಹಾಗಾಗಿ ಮೇಲಿನ ಬಣ್ಣ ನೋಡಿ ತೀರ್ಮಾನಿಸುವುದು ಸರಿಯಲ್ಲ.

ಕುಂಡ ಹಗುರ, ಬೆರಳಿಗೆ ಒಣ. ಇದು ಬಾಯಾರಿಕೆ, ಸುಲಭದ ದೋಷ. ಆದರೆ ಮೇಲಿಂದ ಒಂದು ಚೊಂಬು ನೀರು ಹಾಕಿದರೆ ಸಾಲದೆ ಇರಬಹುದು. ತೆಂಗಿನ ನಾರಿನ ಪುಡಿ ಪೂರ್ತಿ ಒಣಗಿದಾಗ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ಹಾಕಿದ ನೀರು ಆ ಸಂದಿಯಲ್ಲಿ ಇಳಿದು ಕೆಳಗಿನ ತೂತಿನಿಂದ ಕ್ಷಣದಲ್ಲಿ ಸುರಿದುಹೋಗುತ್ತದೆ. ನೀರು ಬಂದದ್ದು ನೋಡಿ ನೆನೆಯಿತೆಂದು ನಾವು ನೆಮ್ಮದಿಯಾಗುತ್ತೇವೆ, ಕುಂಡ ಎತ್ತಿದರೆ ಇನ್ನೂ ಹಗುರ. ಹಾಗಿದ್ದಾಗ ಬಕೆಟ್ಟಿನಲ್ಲಿ ಕುಂಡದ ಅಂಚಿನವರೆಗೆ ನೀರು ತುಂಬಿ, ಅರ್ಧ ಗಂಟೆ ಅದರೊಳಗೆ ಕೂರಿಸಿ, ತೆಗೆದು ಪೂರ್ತಿ ಬಸಿಯಲು ಬಿಡಿ. ಬೇರು ಗಟ್ಟಿಯಾಗಿದ್ದರೆ ಎರಡು ಮೂರು ದಿನಗಳಲ್ಲಿ ಎಳೆಗಳು ಮತ್ತೆ ದುಂಡಗಾಗುತ್ತವೆ. ವಾರವಾದರೂ ಆಗದಿದ್ದರೆ ಬಾಯಾರಿಕೆಯ ಜೊತೆಗೆ ಬೇರಿನ ತೊಂದರೆಯೂ ಇದೆ ಎಂದು ತಿಳಿಯಬೇಕು.

ಕುಂಡ ಭಾರ, ಬೆರಳಿಗೆ ತೇವ, ಆದರೂ ಎಳೆ ಸುಕ್ಕು. ಇದು ಬೇರು ಕೊಳೆತದ್ದರ ಗುರುತು. ಒಂದು ತೊಟ್ಟೂ ನೀರು ಹಾಕದೆ ಗಿಡವನ್ನು ಕುಂಡದಿಂದ ಹೊರತೆಗೆಯಿರಿ. ಹೊರತೆಗೆದರೆ ಗಿಡಕ್ಕೆ ನೋವಾಗುತ್ತದೆಂದು ಹಿಂಜರಿಯುವವರನ್ನು ಬಹಳ ನೋಡಿದ್ದೇನೆ. ಆ ಹಿಂಜರಿಕೆಯಲ್ಲೇ ಅಮೂಲ್ಯವಾದ ವಾರ ಕಳೆದುಹೋಗುತ್ತದೆ.

ನನ್ನ ಮೊದಲ ರಿಪ್ಸಾಲಿಸ್ ಹೋದದ್ದು ಹೀಗೆಯೇ. ಏಪ್ರಿಲ್ ತಿಂಗಳು, ಎಳೆಗಳು ಸುಕ್ಕಾಗಿದ್ದವು, ಬೇಸಿಗೆಯಲ್ಲವೇ ಎಂದು ದಿನವೂ ಬೆಳಿಗ್ಗೆ ನೀರು ಕೊಟ್ಟೆ. ಹನ್ನೆರಡನೆಯ ದಿನ ಇಡೀ ಗೊಂಚಲು ಬುಡದಿಂದ ಕಳಚಿ ಕೈಗೆ ಬಂತು. ಕುಂಡ ಮಗುಚಿ ನೋಡಿದರೆ ಹೊರಗೆಲ್ಲ ಅಚ್ಚು ಹಾಕಿದಂತೆ ಗಟ್ಟಿಯಾದ ಕೆಮ್ಮಣ್ಣು, ಅದರ ನಡುವೆ ನಿಂಬೆಹಣ್ಣಿನಷ್ಟು ದಪ್ಪದ, ಸಸಿ ಬೆಳೆಸುವಾಗ ಸುತ್ತಿದ್ದ ಬಟ್ಟೆಯಂಥ ಜಾಲರಿ. ಜಾಲರಿಯೊಳಗಿನ ನಾರು ನೀರು ಕುಡಿದು ಸ್ಪಂಜಿನಂತಾಗಿತ್ತು. ಅದರಲ್ಲಿದ್ದ ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದಾಗ ಕಂದು ಸಿಪ್ಪೆ ಕವಚದಂತೆ ಜಾರಿ ಬಂದು, ಒಳಗೆ ಕೂದಲಿನಷ್ಟು ಸಪೂರವಾದ ಎಳೆಯೊಂದು ಮಾತ್ರ ಉಳಿಯಿತು. ಜಾಲರಿಯ ಆಚೆಗೆ ಒಂದು ಬೇರೂ ದಾಟಿರಲಿಲ್ಲ. ಮಾರುವವರು ಈ ಜಾಲರಿಯನ್ನು ಬಿಚ್ಚದೆ ಕೆಮ್ಮಣ್ಣಿಗೆ ಇಟ್ಟಿದ್ದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅಂದಿನಿಂದ ಯಾವ ಗಿಡ ತಂದರೂ ಎರಡು ವಾರ ನೆರಳಿನಲ್ಲಿಟ್ಟು, ಬುಡ ಬಿಚ್ಚಿ, ಜಾಲರಿ ಇದ್ದರೆ ಕತ್ತರಿಯಿಂದ ಕತ್ತರಿಸಿ ತೆಗೆಯುತ್ತೇನೆ.

ಆರೋಗ್ಯವಂತ ಬೇರು ಬಿಳಿ ಅಥವಾ ತಿಳಿಕಂದು ಬಣ್ಣದ್ದಾಗಿದ್ದು ಎಳೆದರೆ ತಡೆಯುತ್ತದೆ, ಕೊಳೆತದ್ದು ಕಪ್ಪು ಕಂದಾಗಿ ಜಾರುತ್ತದೆ, ಹಳಸಿದ ವಾಸನೆಯೂ ಇರುತ್ತದೆ. ಹಾಗೆ ಕೊಳೆತಿದ್ದರೆ ಗಿಡ ಉಳಿಸುವ ಬಗೆ ಮುಂದಿನ ಭಾಗದಲ್ಲಿದೆ. ಇನ್ನೊಂದು ವಿಷಯ ನೆನಪಿಡಬೇಕು. ಈ ಗಿಡಗಳು ಉಳಿದ ಕಳ್ಳಿಗಳಂತೆ ಹಗಲಿನಲ್ಲಿ ಮೈಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ, ಕಾಂಡದಲ್ಲಿ ನೀರನ್ನೂ ಕೂಡಿಟ್ಟುಕೊಂಡಿರುತ್ತವೆ. ಆದ್ದರಿಂದ ಬೇರು ಸತ್ತ ದಿನವೇ ಮೇಲೆ ಏನೂ ಕಾಣುವುದಿಲ್ಲ. ಇಂದು ಕಂಡ ಸುಕ್ಕಿನ ಕಾರಣವನ್ನು ನಿನ್ನೆಯಲ್ಲಿ ಹುಡುಕದೆ, ಎರಡು ಮೂರು ವಾರ ಹಿಂದೆ ಏನು ಬದಲಾಯಿತು, ಸತತ ಮಳೆ ಬಂತೇ, ಊರಿಗೆ ಹೋಗಿದ್ದಾಗ ಬೇರೆ ಯಾರಾದರೂ ನೀರು ಹಾಕಿದರೇ ಎಂದು ಕೇಳಿಕೊಳ್ಳಿ.

ಬುಡ ಮೆತ್ತಗಾಗಿದೆ, ಎಳೆಗಳು ಕಂದಾಗುತ್ತಿವೆ

ಹಿಂದಿನ ದೋಷ ಮುಂದುವರಿದರೆ ಇಲ್ಲಿಗೆ ಬರುತ್ತದೆ. ಮಣ್ಣಿಗೆ ತಾಗುವ ಜಾಗದಲ್ಲಿ ಎಳೆ ನೀರು ತುಂಬಿದಂತೆ ಪಾರದರ್ಶಕವಾಗಿ, ಬಳಿಕ ಕಂದಾಗಿ, ಹಿಸುಕಿದರೆ ಲೋಳೆ ಬರುತ್ತದೆ. ನಮ್ಮಲ್ಲಿ ಇದು ಹೆಚ್ಚಾಗಿ ಕಾಣುವುದು ಹಸ್ತ, ಚಿತ್ತೆ ಮಳೆಗಳ ಹೊತ್ತಿನಲ್ಲಿ ಮತ್ತು ನವೆಂಬರಿನಲ್ಲಿ ಬಂಗಾಳಕೊಲ್ಲಿಯ ಚಂಡಮಾರುತದ ಜಡಿಮಳೆ ಮೂರು ನಾಲ್ಕು ದಿನ ಬಿಡದೆ ಹಿಡಿದಾಗ.

ಬುಡಕ್ಕೆ ಔಷಧಿ ಸುರಿದು ಕೊಳೆತದ್ದನ್ನು ಉಳಿಸಲು ಹೋಗಬೇಡಿ. ಮೇಲಿನ ಆರೋಗ್ಯವಂತ ಎಳೆಗಳನ್ನು ಉಳಿಸುವುದೇ ದಾರಿ. ಹರಿತವಾದ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕಂದು ಬಣ್ಣ ಮುಗಿದಲ್ಲಿಂದ ಎರಡು ಅಂಗುಲ ಮೇಲೆ ಕತ್ತರಿಸಿ, ಕತ್ತರಿಸಿದ ಮೈಯನ್ನು ನೋಡಿ. ಇಡೀ ವೃತ್ತ ಹಸಿರಾಗಿ, ನಡುವೆ ತಿಳಿ ಬಣ್ಣದ ಚುಕ್ಕೆ ಇದ್ದರೆ ಆ ಎಳೆ ಉಳಿಯುತ್ತದೆ. ನಡುವಿನಲ್ಲಿ ಕಂದು ಚುಕ್ಕೆ ಕಂಡರೆ ಕತ್ತರಿಯನ್ನು ಮತ್ತೆ ಒರೆಸಿ ಇನ್ನೂ ಮೇಲೆ ಕತ್ತರಿಸಬೇಕು. ಪ್ರತಿ ಕತ್ತರಿಕೆಗೂ ಒರೆಸುವುದನ್ನು ಬಿಡಬೇಡಿ. ಹೀಗೆ ಪಡೆದ ನಾಲ್ಕರಿಂದ ಆರು ಅಂಗುಲದ ಕಡ್ಡಿಗಳನ್ನು ಕಾಗದದ ಮೇಲೆ ನೆರಳಿನಲ್ಲಿ ಎರಡು ಮೂರು ದಿನ ಹರಡಿಟ್ಟು, ಗಾಯ ಒಣಗಿ ಪೊರೆ ಕಟ್ಟಿದ ಮೇಲೆ ಹದವಾಗಿ ತೇವವಿರುವ ನಾರಿನ ಪುಡಿಯಲ್ಲಿ ಒಂದು ಅಂಗುಲ ಆಳಕ್ಕೆ ಚುಚ್ಚಿ. ಮೂರರಿಂದ ಆರು ವಾರಗಳಲ್ಲಿ ಬೇರು ಬರುತ್ತದೆ. ಮೆಲ್ಲಗೆ ಎಳೆದಾಗ ಕಡ್ಡಿ ತಡೆದರೆ ಬೇರು ಹಿಡಿದಿದೆ ಎಂದರ್ಥ.

ಹೊಸದಾಗಿ ನೆಡುವ ಮಿಶ್ರಣದ ಬಗ್ಗೆ ಒಂದು ಮಾತು. ತೆಂಗಿನ ನಾರಿನ ಪುಡಿ ತಿಪಟೂರು, ಗುಬ್ಬಿ ಕಡೆಯವರಿಗೆ ಮನೆಬಾಗಿಲಲ್ಲೇ ಸಿಗುತ್ತದೆ. ಆದರೆ ನಾರಿನ ಘಟಕದಿಂದ ನೇರವಾಗಿ ತಂದ ಪುಡಿಯಲ್ಲಿ ಲವಣದ ಅಂಶ ಇರಬಹುದು. ಮೂರು ಬಾರಿ ನೀರಿನಲ್ಲಿ ನೆನೆಸಿ ಹಿಂಡಿ ಬಳಸಿ. ಎರಡು ಪಾಲು ಪುಡಿಗೆ ಒಂದು ಪಾಲು ಬೆರಳ ತುದಿಯಷ್ಟು ದಪ್ಪದ ತೆಂಗಿನ ಸಿಪ್ಪೆಯ ಚೂರು ಅಥವಾ ಮರದ ತೊಗಟೆ, ಒಂದು ಪಾಲು ಇದ್ದಿಲು ಮತ್ತು ಇಟ್ಟಿಗೆಯ ಚೂರು, ಒಂದು ಹಿಡಿ ಚೆನ್ನಾಗಿ ಕಳಿತ ಎರೆಗೊಬ್ಬರ ಸೇರಿದರೆ ಸಾಕು. ಕೆಮ್ಮಣ್ಣು ಬೇಡ. ರಾಗಿಗೂ ಹಿಪ್ಪುನೇರಳೆಗೂ ಒಳ್ಳೆಯದಾದ ಆ ಮಣ್ಣು ಕುಂಡದಲ್ಲಿ ನಾಲ್ಕು ಸಲ ನೆನೆದು ಒಣಗಿದರೆ ಇಟ್ಟಿಗೆಯಾಗುತ್ತದೆ.

ಎಳೆಗಳು ಕೆಂಪಾಗಿವೆ, ಹಳದಿಯಾಗಿವೆ

ಬಣ್ಣ ಬದಲಾದಾಗ ಮೊದಲು ನೋಡಬೇಕಾದದ್ದು ಯಾವ ಕಡೆ ಎಂಬುದನ್ನು. ಬಿಸಿಲು ಬೀಳುವ ಬದಿಯ ಎಳೆಗಳು ಮಾತ್ರ ಕೆಂಪು ಅಥವಾ ನೇರಳೆ ಛಾಯೆಗೆ ತಿರುಗಿ, ಗೋಡೆಯ ಬದಿಯವು ಹಸಿರಾಗಿಯೇ ಇದ್ದರೆ ಅದು ಬೆಳಕು ಹೆಚ್ಚಾದದ್ದರ ಸೂಚನೆ. ಗಿಡ ತನ್ನನ್ನು ಕಾಪಾಡಿಕೊಳ್ಳಲು ಆ ಬಣ್ಣ ತಾಳುತ್ತದೆ, ಜಾಗ ಬದಲಿಸಿದರೆ ಕೆಲವು ವಾರಗಳಲ್ಲಿ ಹಸಿರು ಮರಳುತ್ತದೆ. ಕೆಂಪು ದಾಟಿ ಒಣಹುಲ್ಲಿನಂಥ ಬಿಳಿಹಳದಿ ಬಣ್ಣದ ಒರಟು ಮಚ್ಚೆ ಬಿದ್ದಿದ್ದರೆ ಅದು ಸುಟ್ಟ ಗಾಯ. ಅದು ಮಾಯುವುದಿಲ್ಲ, ಹರಡುವುದೂ ಇಲ್ಲ. ಅಷ್ಟು ಭಾಗವನ್ನು ಕತ್ತರಿಸಬಹುದು, ಹಾಗೆಯೇ ಬಿಟ್ಟರೂ ತೊಂದರೆಯಿಲ್ಲ.

ಕೋಲಾರ, ತುಮಕೂರು ಎರಡೂ ಸಮುದ್ರಮಟ್ಟದಿಂದ ಸುಮಾರು 800 ಮೀಟರಿಗಿಂತ ಎತ್ತರದಲ್ಲಿರುವ ಬಯಲು. ಗಾಳಿ ತಂಪೆನಿಸಿದ ದಿನವೂ ಮಾರ್ಚ್‌ನಿಂದ ಮೇ ತನಕ ಬಿಸಿಲು ಚುರುಕಾಗಿರುತ್ತದೆ. ಪೂರ್ವದ ಸಜ್ಜದ ಕೆಳಗೆ ಬೆಳಿಗ್ಗೆ ಒಂಬತ್ತರವರೆಗಿನ ಬಿಸಿಲು ಈ ಗಿಡಕ್ಕೆ ಹಿತ. ಪಶ್ಚಿಮದ ಬಾಲ್ಕನಿಯಾದರೆ ನೆರಳುಬಲೆ ಕಟ್ಟದೆ ಆಗದು. ನೇರ ಬಿಸಿಲು ಬೀಳದಿದ್ದರೂ ಕಾದ ತಗಡಿನ ಶೀಟಿನ ಕೆಳಗೆ ಒಂದಡಿಯೊಳಗೆ ತೂಗುಹಾಕಿದ ಗಿಡ ಬೇಯುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಆ ಎತ್ತರದಲ್ಲಿ ನಿಮ್ಮ ಅಂಗೈಯನ್ನು ಐದು ನಿಮಿಷ ಇಟ್ಟು ನೋಡಿ, ಕೈಗೆ ಅಸಹನೀಯವೆನಿಸಿದರೆ ಗಿಡಕ್ಕೂ ಅಷ್ಟೇ.

ಸುತ್ತಲೂ ಒಂದೇ ಸಮನಾಗಿ, ಹೊಸ ತುದಿಗಳಿಂದ ಮೊದಲುಗೊಂಡು ತಿಳಿಹಳದಿಯಾಗುತ್ತಿದ್ದರೆ ಬಿಸಿಲನ್ನು ಬಿಟ್ಟು ನೀರನ್ನು ಅನುಮಾನಿಸಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಬಹಳ ಮನೆಗಳಿಗೆ ಬರುವುದು ಆಳದ ಕೊಳವೆಬಾವಿಯ ಗಡಸು ನೀರು. ಅದರಲ್ಲಿರುವ ಸುಣ್ಣದ ಅಂಶ ದಿನಗಳೆದಂತೆ ಕುಂಡದಲ್ಲಿ ಕೂಡಿ, ಮಿಶ್ರಣ ಕ್ಷಾರವಾಗಿ, ಅಲ್ಲಿರುವ ಕಬ್ಬಿಣವೇ ಬೇರಿಗೆ ದಕ್ಕದಂತಾಗುತ್ತದೆ. ಕುಂಡದ ಅಂಚಿನಲ್ಲಿ, ತೂತಿನ ಸುತ್ತ, ಸ್ನಾನದ ಬಕೆಟ್ಟಿಗೆ ಕಟ್ಟುವಂಥದೇ ಬಿಳಿ ಪದರ ಕಂಡರೆ ಸಂದೇಹ ಬೇಡ. ಗೊಬ್ಬರ ಹಾಕಿ ಹಸಿರು ತರಿಸಲು ಹೊರಟರೆ ಲವಣದ ಮೇಲೆ ಲವಣ ಸೇರುತ್ತದೆ. ಮಳೆನೀರು ಹಿಡಿದಿಡುವುದೇ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಪರಿಹಾರ. ಮೊದಲ ಮಳೆಯಲ್ಲಿ ತಾರಸಿ ತೊಳೆದುಹೋಗಲು ಬಿಟ್ಟು, ಬಳಿಕದ ನೀರನ್ನು ಸೊಳ್ಳೆ ಹೋಗದಂತೆ ಬಟ್ಟೆ ಕಟ್ಟಿದ ಡ್ರಮ್ಮಿನಲ್ಲಿ ತುಂಬಿಸಿದರೆ ನಾಲ್ಕಾರು ಕುಂಡಗಳಿಗೆ ತಿಂಗಳುಗಟ್ಟಲೆ ಬರುತ್ತದೆ. ಮಳೆನೀರು ತೀರಿದಾಗ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಬಳಸಬಹುದು. ಆದರೆ ಮನೆಯ ಶುದ್ಧೀಕರಣ ಯಂತ್ರದಿಂದ ಹೊರಹೋಗುವ ನೀರನ್ನು, ಪೋಲಾಗುತ್ತದಲ್ಲಾ ಎಂಬ ಕಾಳಜಿಯಿಂದ, ಇವಕ್ಕೆ ಹಾಕಬೇಡಿ. ಸೋಸಿ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ, ಅದು ನೆಲ ಒರೆಸಲು, ಶೌಚಾಲಯಕ್ಕೆ ತಕ್ಕ ನೀರು. ಈಗಾಗಲೇ ಪದರ ಕಟ್ಟಿರುವ ಕುಂಡಕ್ಕೆ ಅದರ ಗಾತ್ರದ ಮೂರು ಪಟ್ಟು ಮಳೆನೀರನ್ನು ನಿಧಾನವಾಗಿ ಹರಿಸಿ ತೊಳೆಯಿರಿ, ಎರಡು ವರ್ಷಕ್ಕಿಂತ ಹಳೆಯ ಮಿಶ್ರಣವಾದರೆ ಬದಲಾಯಿಸಿ.

ಹಳೆಯ ಎಳೆಗಳು ಮಂಕಾಗಿ, ಬೆಳವಣಿಗೆಯೇ ನಿಂತಿದ್ದರೆ ಹಸಿವೂ ಕಾರಣವಿರಬಹುದು. ಗೊಬ್ಬರದಂಗಡಿಯಲ್ಲಿ ಸಿಗುವ, ಸಾರಜನಕ ರಂಜಕ ಪೊಟ್ಯಾಷ್ ಮೂರೂ ಸಮನಾಗಿರುವ 19:19:19 ಪುಡಿಯನ್ನು ಲೀಟರಿಗೆ ಒಂದು ಗ್ರಾಂ ಮೀರದಂತೆ ಕರಗಿಸಿ, ಜೂನ್‌ನಿಂದ ಅಕ್ಟೋಬರ್ ತನಕ ತಿಂಗಳಿಗೊಮ್ಮೆ, ತೇವವಿರುವ ಕುಂಡಕ್ಕೆ ಕೊಡಿ. ಬೇರು ಕೊಳೆತ ಗಿಡಕ್ಕೆ, ಒಣಗಿದ ಕುಂಡಕ್ಕೆ ಕೊಡಬಾರದು.

ಬಿಳಿಯದೇನೋ ಅಂಟಿದೆ

ಗಣ್ಣುಗಳಲ್ಲಿ, ಎಳೆಗಳು ಕವಲೊಡೆಯುವ ಸಂದಿನಲ್ಲಿ ಹತ್ತಿಯ ಚೂರಿನಂತೆ ಅಂಟಿದ್ದು, ಕಡ್ಡಿಯಿಂದ ಕೆದಕಿದರೆ ಗುಲಾಬಿ ಛಾಯೆಯ ಮೆತ್ತನೆ ಹುಳು ಕಂಡರೆ ಅದು ಹಿಟ್ಟುತಿಗಣೆ. ಇರುವೆಗಳ ಸಾಲು ಕುಂಡದ ಸರಪಳಿಯ ಮೇಲೆ ಹತ್ತಿಳಿಯುತ್ತಿದ್ದರೆ ಹುಳು ಕಾಣದಿದ್ದರೂ ಹುಡುಕಿ. ತಿಗಣೆ ಸ್ರವಿಸುವ ಸಿಹಿಗಾಗಿ ಇರುವೆ ಅದನ್ನು ಕಾಯುತ್ತದೆ. ಹತ್ತಿಪ್ಪತ್ತು ಹುಳುಗಳಿದ್ದರೆ ಹತ್ತಿಯ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದಕ್ಕೇ ತಾಗಿಸುವುದು ಸಾಕಾಗುತ್ತದೆ. ಮೊದಲು ಒಂದು ಎಳೆಗೆ ಹಚ್ಚಿ ಎರಡು ದಿನ ಕಾದು ನೋಡಿ. ದೇವರ ದೀಪ, ಒಲೆ ಇರುವ ಕಡೆ ಸ್ಪಿರಿಟ್ ಬಾಟಲಿ ತೆರೆಯಬೇಡಿ. ಹೆಚ್ಚಾಗಿದ್ದರೆ ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆಯನ್ನು ಕೆಲವು ಹನಿ ಸೋಪಿನ ದ್ರಾವಣದೊಡನೆ ಚೆನ್ನಾಗಿ ಕಲಸಿ, ಬಿಸಿಲಿಳಿದ ಮೇಲೆ ಸಿಂಪಡಿಸಿ, ವಾರಕ್ಕೊಮ್ಮೆಯಂತೆ ಮೂರು ಸಲ. ಎಣ್ಣೆ ಹಚ್ಚಿದ ಎಳೆಗೆ ಬಿಸಿಲು ತಾಗಿದರೆ ಸುಡುತ್ತದೆ.

ಮೇಲೆ ಹುಳುವಿಲ್ಲ, ನೀರು ಬೆಳಕು ಎಲ್ಲ ಸರಿಯಿದೆ, ಆದರೂ ಗಿಡ ತಿಂಗಳುಗಟ್ಟಲೆ ಸೊರಗುತ್ತಲೇ ಇದೆ ಎಂದಾಗ ಕುಂಡದಿಂದ ಹೊರತೆಗೆದು ಒಳಗೋಡೆಯನ್ನು ನೋಡಿ. ಅಲ್ಲಿ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿ ಪುಡಿ ಇದ್ದರೆ ಬೇರಿನ ಹಿಟ್ಟುತಿಗಣೆ. ಹಳೆಯ ಮಿಶ್ರಣವನ್ನು ಚೀಲದಲ್ಲಿ ಕಟ್ಟಿ ಹೊರಹಾಕಿ (ಬೇರೆ ಗಿಡದ ಬುಡಕ್ಕೆ ಬೇಡ), ಬೇರನ್ನು ನಲ್ಲಿಯ ಕೆಳಗೆ ತೊಳೆದು, ಕುಂಡವನ್ನು ಬಿಸಿನೀರಿನಲ್ಲಿ ಉಜ್ಜಿ, ಹೊಸದಾಗಿ ನೆಡಬೇಕು.

ಎಳೆಯ ಮೇಲೆ ಮೆಣಸಿನ ಕಾಳಿನಷ್ಟು ದುಂಡಗೆ, ಹೊಳೆಯುವ ಬಿಳಿ ಕಾಯಿಗಳಿದ್ದರೆ ಹೆದರಬೇಕಿಲ್ಲ. ಅವು ಹಣ್ಣುಗಳು. ಮಾವಿನ ಮರಕ್ಕೆ ಅಂಟುವ ಬದನಿಕೆಯ ಹಣ್ಣಿನಂತೆ ಒಳಗೆ ಅಂಟಿರುತ್ತದೆ, ಬೀಜ ಬಿತ್ತಿದರೆ ಮೊಳೆಯುತ್ತವೆ.

ತುಂಡುಗಳು ಉದುರುತ್ತಿವೆ

ದಿನಕ್ಕೆ ಒಂದೆರಡು ತುಂಡು ಬೀಳುವುದು ರೋಗವಲ್ಲ, ಕಾಡಿನಲ್ಲಿ ಹೀಗೆ ಬಿದ್ದ ತುಂಡೇ ಕೆಳಗಿನ ಕೊಂಬೆಯಲ್ಲಿ ಹೊಸ ಗಿಡವಾಗುತ್ತದೆ. ಒಮ್ಮೆಗೇ ಹಿಡಿಗಟ್ಟಲೆ ಉದುರಿದರೆ ಬಿದ್ದ ತುಂಡಿನ ಕೀಲನ್ನು ನೋಡಿ. ಕೀಲು ಹಸಿರಾಗಿ, ಒಣಗಿ ಇದ್ದರೆ ಗಿಡಕ್ಕೆ ಹಠಾತ್ ಬದಲಾವಣೆ ತಟ್ಟಿದೆ: ನರ್ಸರಿಯ ನೆರಳುಮನೆಯಿಂದ ನೇರವಾಗಿ ಬಾಲ್ಕನಿಗೆ ಬಂದಿರಬಹುದು, ಗಾಳಿಗೆ ಕುಂಡ ತಿರುಗುತ್ತ ಎಳೆಗಳು ಕಂಬಿಗೆ ಉಜ್ಜುತ್ತಿರಬಹುದು. ಕೀಲು ಕಪ್ಪಾಗಿ ಒದ್ದೆಯಾಗಿದ್ದರೆ ಮೇಲೆ ಹೇಳಿದ ಕೊಳೆತ. ಚಿಕ್ಕಬಳ್ಳಾಪುರದ ಕಡೆ, ಅದರಲ್ಲೂ ನಂದಿಯ ಸುತ್ತಲಿನ ಊರುಗಳಲ್ಲಿ, ಡಿಸೆಂಬರ್ ಜನವರಿಯ ರಾತ್ರಿಗಳು ಕೊರೆಯುವುದರಿಂದ ಆ ಎರಡು ತಿಂಗಳು ಸಂಜೆ ನೀರು ಹಾಕದೆ ಬೆಳಿಗ್ಗೆ ಹಾಕುವುದು ಒಳಿತು. 10 ಡಿಗ್ರಿಗಿಂತ ಕೆಳಗೆ ಹೋದ ರಾತ್ರಿ ಒದ್ದೆ ಬೇರು ಈ ಗಿಡಕ್ಕೆ ಹೊರಲಾರದ ಕಷ್ಟ.

ಎಳೆ ಸಪೂರವಾಗಿದೆ, ಹೂವಿಲ್ಲ

ಎರಡಕ್ಕೂ ಸಾಮಾನ್ಯವಾಗಿ ಕಾರಣ ಒಂದೇ, ಬೆಳಕು ಕಡಿಮೆ. ಹಳೆಯ ಎಳೆಗಿಂತ ಹೊಸದು ತೆಳ್ಳಗೆ, ಉದ್ದಕ್ಕೆ, ತಿಳಿಬಣ್ಣದಲ್ಲಿ ಕಿಟಕಿಯ ಕಡೆಗೆ ವಾಲಿದ್ದರೆ ಗಿಡವನ್ನು ಬೆಳಕಿನ ಹತ್ತಿರಕ್ಕೆ ವಾರಕ್ಕೆ ಒಂದಡಿಯಂತೆ ಸರಿಸಿ. ತೆಳ್ಳಗೆ ಬೆಳೆದದ್ದು ಮತ್ತೆ ದಪ್ಪವಾಗುವುದಿಲ್ಲ, ಮುಂದೆ ಬರುವುದು ಸರಿಯಾಗಿ ಬರುತ್ತದೆ. ರಿಪ್ಸಾಲಿಸ್ ಹೂವು ಸಾಮಾನ್ಯವಾಗಿ ಚಳಿಗಾಲದ ಕೊನೆಯಲ್ಲಿ, ಒಂದು ಸೆಂಟಿಮೀಟರಿನಷ್ಟೇ ಗಾತ್ರದಲ್ಲಿ, ಎಳೆಯ ಮಗ್ಗುಲಲ್ಲಿ ಬಿಡುತ್ತದೆ. ಬ್ರಹ್ಮಕಮಲದ ಹೂವಿನಂತೆ ಮನೆಮಂದಿಯೆಲ್ಲ ರಾತ್ರಿ ಎದ್ದು ಕಾಯುವಂಥದ್ದಲ್ಲದ ಕಾರಣ, ಹೂವೇ ಬಿಟ್ಟಿಲ್ಲ ಎನ್ನುವವರ ಗಿಡದಲ್ಲಿ ಹುಡುಕಿದರೆ ಒಣಗಿದ ಹೂವಿನ ಗುರುತು ಸಿಗುವುದುಂಟು.

ಎಳೆಗಳಿಂದ ಮೀಸೆಯಂತೆ ಹೊರಟ ಸಣ್ಣ ಬೇರುಗಳು, ಹಳೆಯ ಬುಡ ಕಂದಾಗಿ ಗಟ್ಟಿ ಮರದಂತಾಗುವುದು, ಇವು ದೋಷಗಳಲ್ಲ. ಉಗುರಿನಿಂದ ಒತ್ತಿದರೆ ಗಟ್ಟಿಯಾಗಿದ್ದರೆ ಸಾಕು.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ನೆನೆದ ದೊಡ್ಡ ತೂಗುಕುಂಡ ನಾಲ್ಕೈದು ಕಿಲೋ ತೂಗುತ್ತದೆ. ಪರೀಕ್ಷೆಗೆಂದು ಸ್ಟೂಲು ಹತ್ತಿ ಒಂದೇ ಕೈಯಲ್ಲಿ ಇಳಿಸುವುದು, ತುಕ್ಕು ಹಿಡಿದ ಕೊಕ್ಕೆಯನ್ನು ನಂಬುವುದು, ತೊಟ್ಟಿಲಿನ ಅಥವಾ ವಿದ್ಯುತ್ ಸ್ವಿಚ್ಚಿನ ಮೇಲೆ ತೂಗುಹಾಕುವುದು ಬೇಡ. ಮಾಳಿಗೆಯ ಕಂಬಿಯಾಚೆ ತೂಗುವ ಕುಂಡಕ್ಕೆ ಎರಡನೆಯ ತಂತಿಯೊಂದನ್ನು ಆಧಾರವಾಗಿ ಕಟ್ಟಿಡಿ.

ಎಳೆಗಳ ಮೇಲೆ ದುಂಡಗಿನ, ಒಳಕ್ಕೆ ತಗ್ಗಿದ ಕಿತ್ತಳೆಕಂದು ಮಚ್ಚೆಗಳಾಗಿ, ಕತ್ತರಿಸಿ ತೆಗೆದ ಮೇಲೂ ಹತ್ತು ದಿನದೊಳಗೆ ಬೇರೆ ಕುಂಡಗಳಿಗೆ ಹಬ್ಬುತ್ತಿದ್ದರೆ ಅದು ಶಿಲೀಂಧ್ರ ರೋಗವಿರಬಹುದು. ತಾಮ್ರದ ಆಕ್ಸಿಕ್ಲೋರೈಡ್ ಪುಡಿಯನ್ನು ಲೀಟರಿಗೆ ಮೂರು ಗ್ರಾಂನಂತೆ ಒಮ್ಮೆ ಸಿಂಪಡಿಸಿ ನೋಡಬಹುದು, ಆದರೆ ಮನೆಯೊಳಗಲ್ಲ, ಬಯಲಿನಲ್ಲಿ, ಮುಖಗವಸು ಕೈಗವಸು ಧರಿಸಿ, ಗಾಳಿಗೆ ಬೆನ್ನಾಗಿ ನಿಂತು. ಉಳಿದ ಪುಡಿಯನ್ನು ಅಡುಗೆಮನೆಯ ಡಬ್ಬಿಗೆ ಎಂದಿಗೂ ಸುರಿಯಬೇಡಿ, ತಂದ ಪೊಟ್ಟಣದಲ್ಲೇ ಬೀಗದೊಳಗಿಡಿ. ಎರಡು ಮೂರು ಔಷಧಿ ಒಟ್ಟಿಗೆ ಬೆರೆಸುವುದು, ತೋಟಕ್ಕೆಂದು ತಂದ ಅಂತರ್ವ್ಯಾಪಿ (ಗಿಡದ ಮೈಯೊಳಗೆಲ್ಲ ಹರಡುವ) ಕೀಟನಾಶಕವನ್ನು ಕಿಟಕಿಯ ಪಕ್ಕದ ಗಿಡಕ್ಕೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅಷ್ಟರ ಮಟ್ಟಿಗೆ ಬಂದರೆ ಕೈ ತಡೆದು ತಿಳಿದವರನ್ನು ಕೇಳುವುದೇ ಸರಿ.

ತುಮಕೂರು ಜಿಲ್ಲೆಯವರಿಗೆ ಹಿರೇಹಳ್ಳಿ ಮತ್ತು ತಿಪಟೂರು ಬಳಿಯ ಕೊನೇಹಳ್ಳಿಯಲ್ಲಿ, ಕೋಲಾರದವರಿಗೆ ಟಮಕದಲ್ಲಿ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿಯ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಡ್ರ್ಯಾಗನ್ ಬಳ್ಳಿಯ ಕಾಂಡರೋಗ ನೋಡಿ ಬಲ್ಲವರಿಗೆ ಅದರ ಬಂಧುವಾದ ಈ ಗಿಡದ ಮಚ್ಚೆಯನ್ನು ಗುರುತಿಸುವುದು ಕಷ್ಟವಾಗಲಾರದು. ಹೋಗುವಾಗ ಇಡೀ ಕುಂಡ ಹೊತ್ತೊಯ್ಯಬೇಕಿಲ್ಲ. ರೋಗ ತಗುಲಿದ ಭಾಗವೂ ಆರೋಗ್ಯದ ಭಾಗವೂ ಒಟ್ಟಿಗಿರುವಂತೆ ನಾಲ್ಕು ಎಳೆಗಳನ್ನು ಕತ್ತರಿಸಿ, ಒಣ ವೃತ್ತಪತ್ರಿಕೆಯಲ್ಲಿ ಸುತ್ತಿಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ತಲುಪುವಷ್ಟರಲ್ಲಿ ಬೆವೆತು ಎಲ್ಲವೂ ಕೊಳೆತು ರೋಗದ ಗುರುತೇ ಅಳಿಸಿಹೋಗುತ್ತದೆ. ಒಂದು ಹಿಡಿ ಬೇರುಸಹಿತ ಮಿಶ್ರಣ, ನೀವು ಹಾಕುವ ನೀರು ಅರ್ಧ ಲೀಟರ್ ಬೇರೆ ಬಾಟಲಿಯಲ್ಲಿ, ಮತ್ತು ಕಳೆದ ಒಂದು ತಿಂಗಳಲ್ಲಿ ಯಾವ ದಿನ ನೀರು, ಯಾವ ದಿನ ಔಷಧಿ ಕೊಟ್ಟಿರಿ ಎಂದು ಬರೆದ ಚೀಟಿ, ಇವಿಷ್ಟನ್ನು ಕತ್ತರಿಸಿದ ದಿನವೇ ಕೊಂಡೊಯ್ಯಿರಿ.